ಸೋರ್ಸ್ ಕೋಡ್ ಕೇಳಿದ ಗ್ರಾಹಕ, ಕೋಡ್ ಎತ್ತಿಕೊಂಡ ಕಂಪನಿ: ಜಿಪಿಎಲ್ ಎರಡೂ ಕಡೆ ಏನು ಹೇಳುತ್ತದೆ?

ಓದುಗರ ಪ್ರಶ್ನೆ: "ಚಿಕ್ಕಮಗಳೂರಿನಲ್ಲಿ ನಾವು ಮೂವರು ಸೇರಿ ಸಣ್ಣದೊಂದು ಕಂಪನಿ ನಡೆಸುತ್ತಿದ್ದೇವೆ. ಕಾಫಿ ತೋಟಗಳಿಗೆ ಮಳೆ, ಮಣ್ಣಿನ ತೇವ ಅಳೆಯುವ ಸೆನ್ಸರ್ ನೋಡ್‌ಗಳನ್ನೂ ಸ್ಪ್ರಿಂಕ್ಲರ್ ಪಂಪ್ ಆನ್-ಆಫ್ ಮಾಡುವ ಗೇಟ್‌ವೇ ಪೆಟ್ಟಿಗೆಯನ್ನೂ ಮಾಡಿ ಮಾರುತ್ತೇವೆ. ನೋಡ್‌ನಲ್ಲಿ ಇಎಸ್‌ಪಿ32 ಚಿಪ್, ಆರ್ಡುಯಿನೊ ಕೋಡ್. ಗೇಟ್‌ವೇಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಲಿನಕ್ಸ್, ಅದರ ಮೇಲೆ ನಮ್ಮದೇ ಪೈಥಾನ್ ಆ್ಯಪ್. ಸುಮಾರು 60 ಸೆಟ್ ಮಾರಿದ್ದೇವೆ. ಮೂಡಿಗೆರೆ ಕಡೆಯ ಗ್ರಾಹಕರೊಬ್ಬರ ಮಗ, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು, 'ನಿಮ್ಮ ಪೆಟ್ಟಿಗೆಯಲ್ಲಿ ಜಿಪಿಎಲ್ ಸಾಫ್ಟ್‌ವೇರ್ ಇದೆ, ಸೋರ್ಸ್ ಕೋಡ್ ಕಳಿಸಿ' ಎಂದು ಮೇಲ್ ಮಾಡಿದ್ದಾನೆ. 'ಗೌಪ್ಯ ಅಂತ ಬರೆದುಬಿಡು, ಕೊಟ್ಟರೆ ಎಲ್ಲರೂ ನಕಲು ಮಾಡ್ತಾರೆ' ಎನ್ನುತ್ತಾರೆ ಪಾಲುದಾರರು. ಇನ್ನೊಂದು ವಿಷಯ. ಮಳೆಮಾಪಕದ ಎಣಿಕೆಗೆ ನಾವು ಬರೆದ ಲೈಬ್ರರಿಯನ್ನು ಜಿಪಿಎಲ್ 3ರ ಅಡಿಯಲ್ಲಿ ಗಿಟ್‌ಹಬ್‌ಗೆ ಹಾಕಿದ್ದೆವು. ಬೇರೆ ಊರಿನ ಕಂಪನಿಯೊಂದು ಅದನ್ನೇ ತನ್ನ ಸಾಧನದಲ್ಲಿ ತುಂಬಿ, ನಮ್ಮ ಹೆಸರೂ ಹಾಕದೆ ಮಾರುತ್ತಿದೆ ಎಂಬ ಅನುಮಾನವಿದೆ. 'ಬಿಟ್ಟಿ ಕೊಟ್ಟಿದ್ದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲ' ಎಂದು ಒಬ್ಬರು, 'ಹತ್ತು ಲಕ್ಷ ಕೇಳಿ ನೋಟಿಸ್ ಕೊಡಿ' ಎಂದು ಇನ್ನೊಬ್ಬರು. ಏನು ಮಾಡೋಣ?"

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಆದರೆ ಎರಡಕ್ಕೂ ಕೊಂಡಿಯಿದೆ. ಆ ಕೊಂಡಿಯೇ ಜಿಪಿಎಲ್: ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು, ಆದರೆ ಹಂಚುವವನು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯವನ್ನೂ ಕೊಡಬೇಕು ಎನ್ನುವ ಲೈಸೆನ್ಸ್ ಅದು. ಆ ಕಂಪನಿಗೆ ನೀವು ಪತ್ರ ಬರೆದ ಮರುದಿನವೇ ಅವರ ಇಂಜಿನಿಯರ್ ನಿಮ್ಮ ಗೇಟ್‌ವೇಯನ್ನು ಬಿಚ್ಚಿ ನೋಡುತ್ತಾನೆ. ಅದರಲ್ಲಿ ಲಿನಕ್ಸ್ ಇದ್ದು ಜೊತೆಗೆ ಲೈಸೆನ್ಸ್ ಪ್ರತಿಯಾಗಲಿ ಸೋರ್ಸ್ ಆಗಲಿ ಇಲ್ಲದಿದ್ದರೆ ನಿಮ್ಮ ಪತ್ರದ ಬಲ ಅಲ್ಲಿಗೇ ಮುಗಿಯಿತು. ಹಾಗಾಗಿ ಮೂಡಿಗೆರೆಯ ಮೇಲ್‌ಗೆ ಮೊದಲು ಉತ್ತರ ಹೋಗಲಿ, ಆಮೇಲೆ ಆ ಕಂಪನಿಯ ಮಾತು.

ಬಿಟ್ಟಿ ಎಂದರೆ ಯಜಮಾನನಿಲ್ಲ ಎಂದಲ್ಲ

ನಿಮ್ಮ ತೋಟದೊಳಗಿನ ದಾರಿಯಲ್ಲಿ ಪಕ್ಕದವರು ಓಡಾಡಲಿ, ದುಡ್ಡು ಬೇಡ, ಗೇಟು ಮಾತ್ರ ಹಾಕಿಕೊಂಡು ಹೋಗಲಿ ಎಂದು ನೀವು ಬಿಟ್ಟಿದ್ದರೆ, ದಾರಿ ಅವರದಾಗಿಬಿಡುವುದಿಲ್ಲ. ಓಪನ್ ಸೋರ್ಸ್ ಲೈಸೆನ್ಸ್ ಕೆಲಸ ಮಾಡುವುದೂ ಹೀಗೆಯೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಇಟ್ಟಿದೆ. ಬರೆದ ಕ್ಷಣದಿಂದ ಹಕ್ಕು ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ನಕಲು ಮಾಡುವ, ಬದಲಿಸುವ, ಮಾರುವ ಹಕ್ಕು 14ನೇ ಕಲಮಿನ ಪ್ರಕಾರ ಬರೆದವರದೇ. ಜಿಪಿಎಲ್ ಆ ಹಕ್ಕನ್ನು ಷರತ್ತಿನ ಮೇಲೆ ಬೇರೆಯವರಿಗೂ ಕೊಡುತ್ತದೆ. ಷರತ್ತು ಪಾಲಿಸದವನ ಕೈಯಲ್ಲಿ ಅನುಮತಿಯೇ ಉಳಿಯುವುದಿಲ್ಲ. ಅನುಮತಿಯಿಲ್ಲದೆ ನಕಲು ಹಂಚಿದರೆ ಅದು ನೇರ ಹಕ್ಕು ಉಲ್ಲಂಘನೆ.

ಇದು ಬರೀ ಸಿದ್ಧಾಂತವಲ್ಲ. 2004ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಲಿನಕ್ಸ್ ಡೆವಲಪರ್ ಹೆರಾಲ್ಡ್ ವೆಲ್ಟೆ ಪರವಾಗಿ, ಜಿಪಿಎಲ್ ಪಾಲಿಸದೆ ರೌಟರ್ ಮಾರುತ್ತಿದ್ದ ಸೈಟ್‌ಕಾಮ್ ಕಂಪನಿಗೆ ತಡೆಯಾಜ್ಞೆ ಕೊಟ್ಟಿತು. 2008ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಜೇಕಬ್‌ಸನ್ ವಿರುದ್ಧ ಕಾಟ್ಜರ್ ಪ್ರಕರಣದಲ್ಲಿ, ಉಚಿತವಾಗಿ ಕೊಟ್ಟ ಕೋಡಿನ ಲೈಸೆನ್ಸ್ ಷರತ್ತುಗಳನ್ನೂ ಕೃತಿಸ್ವಾಮ್ಯದ ಬಲದಿಂದ ಜಾರಿ ಮಾಡಿಸಬಹುದು ಎಂದು ಹೇಳಿತು. 'ಬಿಟ್ಟಿ ಕೊಟ್ಟಿದ್ದಕ್ಕೆ ಬೆಲೆ ಇಲ್ಲ' ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಅದು ನಿಮ್ಮ ಲೈಬ್ರರಿಯ ವಿಷಯದಲ್ಲೂ ಸುಳ್ಳು, ನೀವು ಬಳಸಿದ ಲಿನಕ್ಸ್ ವಿಷಯದಲ್ಲೂ ಸುಳ್ಳು.

ಪೆಟ್ಟಿಗೆಯಲ್ಲಿ ಏನಿದೆ, ಯಾವುದನ್ನು ಕೊಡಬೇಕು

ಕೋಡನ್ನು ನಿಮ್ಮ ಆಫೀಸಿನಲ್ಲೇ ಬಳಸಿದರೆ, ನಿಮ್ಮ ಸರ್ವರ್‌ನಲ್ಲೇ ಓಡಿಸಿದರೆ, ಜಿಪಿಎಲ್ ಏನೂ ಕೇಳುವುದಿಲ್ಲ. ಬೈನರಿ, ಅಂದರೆ ಸೋರ್ಸಿನಿಂದ ತಯಾರಾದ, ಯಂತ್ರ ಓಡಿಸುವ ಫೈಲ್, ಇನ್ನೊಬ್ಬರ ಕೈಗೆ ಹೋದಾಗ ಬಾಧ್ಯತೆ ಹುಟ್ಟುತ್ತದೆ. ಮಾರಾಟವೇ ಆಗಬೇಕೆಂದಿಲ್ಲ. 'ಈ ಸೀಸನ್ ಇಟ್ಟು ನೋಡಿ' ಎಂದು ತೋಟದಲ್ಲಿ ಬಿಟ್ಟುಬಂದ ಡೆಮೊ ಪೆಟ್ಟಿಗೆಯನ್ನೂ ಹಂಚಿಕೆ ಎಂದೇ ಲೆಕ್ಕ ಹಿಡಿಯಿರಿ.

ಗೇಟ್‌ವೇಯಿಂದ ಶುರುಮಾಡೋಣ. ಓಪನ್‌ಡಬ್ಲ್ಯುಆರ್‌ಟಿ ಇಮೇಜಿನಲ್ಲಿ (ಪೆಟ್ಟಿಗೆಗೆ ತುಂಬುವ ಪೂರ್ಣ ಫೈಲ್) ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಸಣ್ಣ ಕಮಾಂಡುಗಳ ಕಟ್ಟಾದ ಬಿಜಿಬಾಕ್ಸ್ ಜಿಪಿಎಲ್ 2ರ ಅಡಿ ಇವೆ. ಬೂಟ್‌ಲೋಡರ್ ಯು-ಬೂಟ್ ಕೂಡ ಜಿಪಿಎಲ್. ಮಸಲ್ ಲೈಬ್ರರಿ ಎಂಐಟಿ ಲೈಸೆನ್ಸಿನದು. ಅದಕ್ಕೆ ಸೋರ್ಸ್ ಕೊಡಬೇಕಿಲ್ಲ, ಕೃತಿಸ್ವಾಮ್ಯದ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೆಗಿದ್ದರೆ ಸಾಕು. ಅಪಾಚೆ 2.0 ಅಡಿಯ ತುಣುಕುಗಳಿದ್ದರೆ ಲೈಸೆನ್ಸ್ ಪ್ರತಿ, 'ನೋಟಿಸ್' ಫೈಲ್ ಇದ್ದಲ್ಲಿ ಅದರ ಪಠ್ಯ, ನೀವು ಬದಲಿಸಿದ ಫೈಲುಗಳಲ್ಲಿ ಬದಲಿಸಿದ್ದೇವೆ ಎಂಬ ಸೂಚನೆ ಬೇಕು.

ನಿಮ್ಮ ಪೈಥಾನ್ ಆ್ಯಪ್? ಪಾಲುದಾರರ ಭಯಕ್ಕೆ ಉತ್ತರ ಇಲ್ಲಿದೆ. ಲಿನಕ್ಸ್ ಮೇಲೆ ಬೇರೆಯದೇ ಪ್ರೋಗ್ರಾಮಾಗಿ ಓಡುವ ಆ್ಯಪ್ ಲಿನಕ್ಸ್‌ನ ಭಾಗವಾಗುವುದಿಲ್ಲ. ಯಾವ ತೋಟಕ್ಕೆ ಯಾವಾಗ ನೀರು ಬಿಡಬೇಕು, ಹೂಮಳೆ ತಡವಾದರೆ ರೊಬಸ್ಟಾ ಪ್ಲಾಟಿಗೆ ಎಷ್ಟು ಗಂಟೆ ಜೆಟ್ ಓಡಿಸಬೇಕು ಎಂಬ ನಿಮ್ಮ ಲೆಕ್ಕಾಚಾರವನ್ನು ಯಾರೂ ಕೇಳುವಂತಿಲ್ಲ. ಆದರೆ ಮೂರು ಕಡೆ ಎಚ್ಚರ ಬೇಕು.

ಪೆಟ್ಟಿಗೆಗೆ ಟಚ್‌ಸ್ಕ್ರೀನ್ ಇದ್ದು ಅದನ್ನು ಪೈಕ್ಯೂಟಿಯಲ್ಲಿ ಬರೆದಿದ್ದರೆ ಆ ಲೈಬ್ರರಿ ಜಿಪಿಎಲ್ 3 ಅಥವಾ ವಾಣಿಜ್ಯ ಲೈಸೆನ್ಸಿನಲ್ಲಿ ಮಾತ್ರ ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳದಿದ್ದರೆ ಇಡೀ ಆ್ಯಪ್ ಜಿಪಿಎಲ್‌ಗೆ ಒಳಪಡುತ್ತದೆ. ಎಲ್‌ಜಿಪಿಎಲ್‌ನಲ್ಲಿ (ಲೈಬ್ರರಿಗಳಿಗೆಂದು ಬಳಸುವ, ಜಿಪಿಎಲ್‌ಗಿಂತ ಸಡಿಲವಾದ ಲೈಸೆನ್ಸ್) ಸಿಗುವ ಪೈಸೈಡ್‌ಗೆ ಬದಲಾಯಿಸಿಕೊಳ್ಳುವುದು ಸಾಮಾನ್ಯವಾದ ಪರಿಹಾರ. ಎರಡನೆಯದು ಪಂಪ್ ಪ್ಯಾನಲ್ ಜೊತೆ ಮಾತಾಡಲು ಲಿಬ್‌ಮಾಡ್‌ಬಸ್ ಬಳಸಿದ್ದರೆ. ಅದು ಎಲ್‌ಜಿಪಿಎಲ್ 2.1, ಡೈನಾಮಿಕ್ ಲಿಂಕ್ ಆಗಿದ್ದರೆ (ಲೈಬ್ರರಿ ಬೇರೆ ಫೈಲಾಗಿಯೇ ಉಳಿದಿದ್ದರೆ) ನಿಮ್ಮ ಕೋಡ್ ಮುಚ್ಚಿಟ್ಟುಕೊಳ್ಳಬಹುದು. ಆದರೆ ನಿಮ್ಮ ಮಾರಾಟ ಕರಾರಿನಲ್ಲಿ 'ರಿವರ್ಸ್ ಇಂಜಿನಿಯರಿಂಗ್ ನಿಷಿದ್ಧ' ಎಂಬ ಸಾಲಿದ್ದರೆ ತೊಂದರೆ. ಗ್ರಾಹಕ ಆ ಲೈಬ್ರರಿಯನ್ನು ತನ್ನ ಬಳಕೆಗೆ ಬದಲಿಸಿಕೊಂಡು, ಆ ಬದಲಾವಣೆಯ ದೋಷ ಹುಡುಕಲು ರಿವರ್ಸ್ ಇಂಜಿನಿಯರಿಂಗ್ ಮಾಡಲು ನಿಮ್ಮ ಕರಾರು ಬಿಡಬೇಕು ಎಂದು ಲೈಸೆನ್ಸಿನ 6ನೇ ಕಲಮು ಹೇಳುತ್ತದೆ. ಬೇರೆ ಕಡೆಯಿಂದ ನಕಲಿಸಿದ ಕರಾರುಗಳಲ್ಲಿ ಈ ಸಾಲು ಮಾಮೂಲಾಗಿ ಇರುತ್ತದೆ, ಒಮ್ಮೆ ತೆಗೆದು ನೋಡಿ. ಮೂರನೆಯದಾಗಿ, ರಿಲೇ ಬೋರ್ಡಿಗೆಂದು ಕರ್ನಲ್ ಮಾಡ್ಯೂಲ್ ಬರೆದಿದ್ದರೆ ಅದನ್ನು ಕರ್ನಲ್ ಜೊತೆ ಕೊಡುವುದೇ ಸುರಕ್ಷಿತ.

ನೋಡ್‌ಗಳನ್ನು ಬಹಳ ಜನ ಮರೆಯುತ್ತಾರೆ. ಇಎಸ್‌ಪಿ32ರ ಆರ್ಡುಯಿನೊ ಕೋರ್ ಎಲ್‌ಜಿಪಿಎಲ್ 2.1ರಲ್ಲಿದೆ. ಮೈಕ್ರೊಕಂಟ್ರೋಲರ್‌ನಲ್ಲಿ ಎಲ್ಲವೂ ಸ್ಟ್ಯಾಟಿಕ್ ಲಿಂಕ್ ಆಗಿ ಒಂದೇ ಬೈನರಿಯಾಗುತ್ತದೆ. ಗ್ರಾಹಕ ಕೋರ್ ಬದಲಿಸಿ ಮತ್ತೆ ಲಿಂಕ್ ಮಾಡಿಕೊಳ್ಳುವಂತಿರಬೇಕು ಎಂಬುದು ಷರತ್ತು. ನೋಡ್ ಕೋಡ್ ಪೂರ್ತಿ ಕೊಡಲು ಮನಸ್ಸಿಲ್ಲದಿದ್ದರೆ, ನಿಮ್ಮ ಭಾಗದ ಆಬ್ಜೆಕ್ಟ್ ಫೈಲುಗಳು, ಲಿಂಕ್ ಮಾಡುವ ಕಮಾಂಡ್, ಬಳಸಿದ ಕೋರ್‌ನ ಆವೃತ್ತಿ ಕೊಟ್ಟರೆ ಆಯಿತು.

ಗ್ರಾಹಕರಿಗೆ ಅಳತೆಗಳನ್ನು ತೋರಿಸುವ ಡ್ಯಾಶ್‌ಬೋರ್ಡ್ ಇದ್ದು, ಅದು ನಿಮ್ಮ ಸರ್ವರ್‌ನಲ್ಲೇ ಓಡುತ್ತಿದ್ದರೆ ಜಿಪಿಎಲ್ ಅಲ್ಲಿಗೆ ಬರುವುದಿಲ್ಲ. ಸರ್ವರ್‌ನಲ್ಲಿ ಓಡುವ ತಿದ್ದಿದ ಕೋಡಿಗೂ ಷರತ್ತು ಹಾಕುವ ಎಜಿಪಿಎಲ್ ಬರುತ್ತದೆ. ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಗ್ರಫಾನಾ 2021ರಿಂದ ಎಜಿಪಿಎಲ್ 3ರಲ್ಲಿದೆ. ಅದನ್ನು ಇದ್ದ ಹಾಗೇ ಓಡಿಸುತ್ತಿದ್ದರೆ ಚಿಂತೆಯಿಲ್ಲ, ಅದರ ಕೋಡನ್ನೇ ತಿದ್ದಿ ಗ್ರಾಹಕರಿಗೆ ತೆರೆದಿದ್ದರೆ ತಿದ್ದಿದ ಸೋರ್ಸನ್ನು ಅವರಿಗೆ ಸಿಗುವಂತೆ ಮಾಡಬೇಕು.

'ಪೂರ್ಣ ಸೋರ್ಸ್' ಎಂದರೆ ಓಪನ್‌ಡಬ್ಲ್ಯುಆರ್‌ಟಿ ಸೈಟಿನ ಲಿಂಕ್ ಅಲ್ಲ

ಹೆಚ್ಚಿನ ಸಣ್ಣ ಕಂಪನಿಗಳು ಎಡವುವುದು ಇಲ್ಲಿ. ಜಿಪಿಎಲ್ 2ರ 3ನೇ ಕಲಮು ಕೇಳುವುದು ನೀವು ಮಾರಿದ ಬೈನರಿಗೆ ಸರಿಹೊಂದುವ ಸೋರ್ಸ್. ಜೊತೆಗೆ ಅದನ್ನು ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳು. ನೀವು ಕಳಿಸಿದ ಕಟ್ಟಿನಿಂದ ಆ ಹುಡುಗ ಇಮೇಜ್ ಬಿಲ್ಡ್ ಮಾಡಿ, ಅಪ್ಪನ ಪೆಟ್ಟಿಗೆಗೆ ಹಾಕಿ, ಅದು ಬೂಟ್ ಆದರೆ ನೀವು ಪಾಸ್.

ಕಟ್ಟು ತಯಾರಿಸುವುದು ಹೀಗೆ. ಮಾರಿದ ಫರ್ಮ್‌ವೇರ್ ಆವೃತ್ತಿಯ ಓಪನ್‌ಡಬ್ಲ್ಯುಆರ್‌ಟಿ ಟ್ಯಾಗ್ ಯಾವುದೆಂದು ಗುರುತಿಸಿ ಆ ಸೋರ್ಸ್ ಮರವನ್ನು (ಫೋಲ್ಡರುಗಳ ಪೂರ್ಣ ಕಟ್ಟು) ಇಳಿಸಿಕೊಳ್ಳಿ. ಫೀಡ್ಸ್ ಫೈಲಿನಲ್ಲಿ (ಹೆಚ್ಚುವರಿ ಪ್ಯಾಕೇಜುಗಳು ಎಲ್ಲಿಂದ ಬರುತ್ತವೆ ಎಂಬ ಪಟ್ಟಿ) ಶಾಖೆಯ ಹೆಸರಿದ್ದರೆ ತೆಗೆದು ನಿಖರವಾದ ಕಮಿಟ್ ಹ್ಯಾಷ್ (ಆ ಹಂತದ ಕೋಡಿನ ಗುರುತು) ಹಾಕಿ. ಶಾಖೆ ಮುಂದೆ ಸರಿಯುತ್ತಲೇ ಇರುತ್ತದೆ, ಇಂದು ಬಿಲ್ಡ್ ಆದದ್ದು ಮುಂದಿನ ವರ್ಷ ಆಗುವುದಿಲ್ಲ. ಡಿಫ್‌ಕಾನ್ಫಿಗ್ ಸ್ಕ್ರಿಪ್ಟ್ ಓಡಿಸಿ ನಿಮ್ಮ ಕಾನ್ಫಿಗ್ ಉಳಿಸಿ. ನಿಮ್ಮ ಪ್ಯಾಚ್‌ಗಳು, ಬದಲಿಸಿದ ಡಿವೈಸ್ ಟ್ರೀ ಫೈಲ್ ಎಲ್ಲವೂ ಒಳಗಿರಲಿ, ತಿದ್ದಿದ ಫೈಲುಗಳಲ್ಲಿ ತಿದ್ದಿದ್ದೇವೆ ಎಂಬ ಸೂಚನೆ ಮತ್ತು ದಿನಾಂಕ ಇರಲಿ. ಬಿಲ್ಡ್ ಆಗುವಾಗ ಹೊರಗಿನಿಂದ ಇಳಿಸಿಕೊಂಡ ಮೂಲ ಟಾರ್ ಫೈಲುಗಳು 'ಡಿಎಲ್' ಫೋಲ್ಡರಿನಲ್ಲಿ ಕೂತಿರುತ್ತವೆ, ಅದನ್ನೂ ಸೇರಿಸಿ. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಲಿಂಕುಗಳಲ್ಲಿ ಕೆಲವು ಸತ್ತಿರುತ್ತವೆ. ಒಟ್ಟು ಕಟ್ಟಿಗೆ 16 ಜಿಬಿ ಪೆನ್‌ಡ್ರೈವ್ ಸಾಕಾಗುತ್ತದೆ.

ಕಳಿಸುವ ಮುನ್ನ ಮರದೊಳಗೆ ವೈಫೈ ಪಾಸ್‌ವರ್ಡ್, ಸೆನ್ಸರ್ ಸಂದೇಶ ಸಾಗಿಸುವ ಎಂಕ್ಯೂಟಿಟಿ ಸರ್ವರ್‌ನ ಕೀ, ಗ್ರಾಹಕರ ಫೋನ್ ನಂಬರ್ ಇರುವ ಟೆಸ್ಟ್ ಫೈಲ್ ಏನಾದರೂ ಉಳಿದಿದೆಯೇ ಎಂದು ಹುಡುಕಿ. ಅವಸರದಲ್ಲಿ ಗಿಟ್ ಇತಿಹಾಸ ಸಮೇತ ಕಳಿಸಿದರೆ, ಅಳಿಸಿದ ಪಾಸ್‌ವರ್ಡ್ ಕೂಡ ಅದರಲ್ಲಿರುತ್ತದೆ. ಒಂದೇ ಕೀ 60 ಪೆಟ್ಟಿಗೆಗಳಲ್ಲೂ ಇದ್ದರೆ ಅದು ಲೈಸೆನ್ಸಿಗಿಂತ ದೊಡ್ಡ ತೊಂದರೆ, ಬೇಗ ಸರಿಮಾಡಿ.

ಕೊನೆಗೆ, ಬಿಲ್ಡ್ ಮಾಡಿದವರಲ್ಲದ ಇನ್ನೊಬ್ಬರು ಖಾಲಿ ಲಿನಕ್ಸ್ ಯಂತ್ರದಲ್ಲಿ, ಬೇಕಾದ ಟೂಲುಗಳನ್ನು ಹಾಕಿಕೊಂಡ ಮೇಲೆ ಇಂಟರ್‌ನೆಟ್ ಕಿತ್ತು, ನಿಮ್ಮ ರೀಡ್‌ಮಿ ಒಂದನ್ನೇ ನೋಡಿಕೊಂಡು ಬಿಲ್ಡ್ ಮಾಡಲಿ. 15 ಜಿಬಿಯಷ್ಟು ಡಿಸ್ಕ್ ಜಾಗ ಬಿಟ್ಟಿರಿ. ಎಲ್ಲಿ ನಿಲ್ಲುತ್ತದೋ ಅದನ್ನು ರೀಡ್‌ಮಿಗೆ ಸೇರಿಸಿ. ಮೊದಲ ಸಲಕ್ಕೆ ಬಿಲ್ಡ್ ಆಗುವುದು ಅಪರೂಪ.

ಬೋರ್ಡ್ ಕೊಟ್ಟವರು ಬರೀ ಇಮೇಜ್ ಕೊಟ್ಟು ಸೋರ್ಸ್ ಕೊಟ್ಟಿಲ್ಲವೇ? ಆಗಲೂ ಹೊಣೆ ನಿಮ್ಮದೇ. 'ನಮಗೆ ಸಿಕ್ಕಿದ್ದಷ್ಟೇ ನಿಮಗೆ' ಎನ್ನುವ ಅವಕಾಶ ಜಿಪಿಎಲ್ 2ರಲ್ಲಿ ವಾಣಿಜ್ಯೇತರ ಹಂಚಿಕೆಗೆ ಮಾತ್ರ ಇದೆ. ಬೋರ್ಡ್ ಮಾರಿದವರನ್ನು ಲಿಖಿತವಾಗಿ ಕೇಳಿ, ಬಾಕಿ ಪೇಮೆಂಟ್ ಇದ್ದರೆ ಅದಕ್ಕೆ ಜೋಡಿಸಿಯೇ ಕೇಳಿ. ಸಿಗದಿದ್ದರೆ ಆ ಬೋರ್ಡಿಗೆ ಓಪನ್‌ಡಬ್ಲ್ಯುಆರ್‌ಟಿಯ ಅಧಿಕೃತ ಬೆಂಬಲ ಇದೆಯೇ ನೋಡಿ, ಅದರಿಂದ ನೀವೇ ಬಿಲ್ಡ್ ಮಾಡಿದ ಇಮೇಜಿಗೆ ಬದಲಾಯಿಸಿ. ಎರಡೂ ಆಗದಿದ್ದರೆ ಮುಂದಿನ ಬ್ಯಾಚಿಗೆ ಬೇರೆ ಬೋರ್ಡ್ ಕೊಳ್ಳಿ. ಕೊಳ್ಳುವ ಆರ್ಡರಿನಲ್ಲೇ 'ಕರ್ನಲ್, ಯು-ಬೂಟ್ ಪೂರ್ಣ ಸೋರ್ಸ್ ಸಹಿತ' ಎಂಬ ಸಾಲು ಇರಲಿ.

ಮೂಡಿಗೆರೆಗೆ ಬರೆಯಬೇಕಾದ ಉತ್ತರ

ಜಿಪಿಎಲ್ 2ರಲ್ಲಿ ನಿಮಗೆ ಒಪ್ಪುವ ದಾರಿ ಎರಡು. ಸೋರ್ಸನ್ನು ಪೆಟ್ಟಿಗೆಯ ಜೊತೆಗೇ ಕೊಡುವುದು ಒಂದು. ಕನಿಷ್ಠ 3 ವರ್ಷ ಚಾಲ್ತಿಯಲ್ಲಿರುವ ಲಿಖಿತ ಭರವಸೆ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಗ್ರಾಹಕರಷ್ಟೇ ಅಲ್ಲ, ಯಾರು ಕೇಳಿದರೂ ಕೊಡಬೇಕಾಗುತ್ತದೆ. ಹಾಗಾಗಿ ಹೊಸ ಬ್ಯಾಚಿನ ಪೆಟ್ಟಿಗೆಗಳಲ್ಲಿ ಪೆನ್‌ಡ್ರೈವ್ ಇಟ್ಟುಬಿಡುವುದನ್ನೇ ನಾನು ಹೇಳುವುದು. ಕೊಟ್ಟ ದಿನವೇ ಆ ಪೆಟ್ಟಿಗೆಯ ಲೆಕ್ಕ ಚುಕ್ತಾ. ಆನ್‌ಲೈನ್ ಅಪ್‌ಡೇಟ್‌ಗಳಿಗೆ ಬೈನರಿ ಸಿಗುವ ಜಾಗದಲ್ಲೇ ಸೋರ್ಸ್ ಕೂಡ ಸಿಗುವಂತಿದ್ದರೆ ಸಾಕು.

ಈಗಾಗಲೇ ಹೋದ 60 ಸೆಟ್‌ಗೆ ಲಿಖಿತ ಭರವಸೆ ಕಳಿಸಿ. ಮಾತು ಹೀಗಿರಲಿ: 'ಈ ಸಾಧನದಲ್ಲಿ ಜಿಪಿಎಲ್, ಎಲ್‌ಜಿಪಿಎಲ್ ಲೈಸೆನ್ಸಿನ ಸಾಫ್ಟ್‌ವೇರ್ ಇದೆ. ಇದರ ಫರ್ಮ್‌ವೇರ್ ಆವೃತ್ತಿಗೆ ಸರಿಹೊಂದುವ ಪೂರ್ಣ ಸೋರ್ಸ್ ಕೋಡನ್ನು, ಪೆನ್‌ಡ್ರೈವ್ ಮತ್ತು ಅಂಚೆ ಖರ್ಚು ಮಾತ್ರ ಪಡೆದು, ಈ ಪತ್ರದ ದಿನಾಂಕದಿಂದ 3 ವರ್ಷದವರೆಗೆ ಯಾರು ಕೇಳಿದರೂ ಕಳಿಸುತ್ತೇವೆ.' ಕೆಳಗೆ ವಿಳಾಸ, ಫರ್ಮ್‌ವೇರ್ ಆವೃತ್ತಿ, ಜೊತೆಗೆ ಲೈಸೆನ್ಸ್‌ಗಳ ಪೂರ್ಣ ಇಂಗ್ಲಿಷ್ ಪಠ್ಯ. ಕನ್ನಡದ ವಿವರಣೆ ಗ್ರಾಹಕರಿಗೆ ಅನುಕೂಲ, ಆದರೆ ಕಾನೂನಿಗೆ ಲೆಕ್ಕ ಇಂಗ್ಲಿಷ್ ಮೂಲವೇ.

ಆ ಹುಡುಗನಿಗೆ ಬರೆಯುವಾಗ ಯಾಕೆ ಬೇಕು ಎಂದು ಕೇಳಬೇಡಿ, ಗೌಪ್ಯತಾ ಕರಾರಿಗೆ ಸಹಿ ಕೇಳಬೇಡಿ. ಹೆಚ್ಚಿನ ನಿರ್ಬಂಧ ಹೇರುವುದನ್ನು ಜಿಪಿಎಲ್ 2ರ 6ನೇ ಕಲಮು ನೇರವಾಗಿ ತಡೆಯುತ್ತದೆ. ಆವೃತ್ತಿ ಯಾವುದೆಂದು ಕೇಳಿ, ಕಟ್ಟು ಸಿದ್ಧವಾಗುವ ದಿನಾಂಕ ಹೇಳಿ, ಆ ದಿನಕ್ಕೆ ಕಳಿಸಿ. ಅವನು ಬದಲಿಸಿದ ಫರ್ಮ್‌ವೇರಿಗೆ ನೀವು ಸರ್ವಿಸ್ ಕೊಡಬೇಕಿಲ್ಲ, ಅದನ್ನು ನಯವಾಗಿ ಬರೆಯಬಹುದು.

ಕೊಡದಿದ್ದರೆ ಏನಾದೀತು? ಕೃತಿಸ್ವಾಮ್ಯದ ದಾವೆ ಹೂಡುವ ಹಕ್ಕು ಆ ಹುಡುಗನಿಗಿಲ್ಲ, ಕರ್ನಲ್, ಬಿಜಿಬಾಕ್ಸ್ ಬರೆದವರಿಗಿದೆ. ಆದರೆ ಅವನ ಒಂದು ಮೇಲ್ ಸಾಕು ಅವರಿಗೆ ಸುದ್ದಿ ಮುಟ್ಟಲು. ಜಿಪಿಎಲ್ 2ರ 4ನೇ ಕಲಮಿನ ಪ್ರಕಾರ ಉಲ್ಲಂಘಿಸಿದವನ ಅನುಮತಿ ತಾನಾಗಿಯೇ ರದ್ದಾಗುತ್ತದೆ, ಮತ್ತೆ ಪಡೆಯುವ ವಿಧಾನವನ್ನು ಅದು ಹೇಳುವುದಿಲ್ಲ. ಈ ಕಾಠಿಣ್ಯ ತಗ್ಗಿಸಲೆಂದು 2017ರಲ್ಲಿ ಬಹಳಷ್ಟು ಕರ್ನಲ್ ಡೆವಲಪರ್‌ಗಳು, ತಪ್ಪು ತಿದ್ದಿಕೊಂಡವರಿಗೆ ಜಿಪಿಎಲ್ 3ರಂತೆಯೇ ಅನುಮತಿ ಮರಳಿಸುವುದಾಗಿ ಜಂಟಿ ಹೇಳಿಕೆ ಕೊಟ್ಟರು. ತಾವಾಗಿ ತಿದ್ದಿಕೊಂಡವರ ಮೇಲೆ ಸಾಮಾನ್ಯವಾಗಿ ಯಾರೂ ಹರಿಹಾಯುವುದಿಲ್ಲ. 'ಗೌಪ್ಯ' ಎಂದು ಬರೆದ ಮೇಲ್ ಮಾತ್ರ ಶಾಶ್ವತ ಸಾಕ್ಷಿಯಾಗಿ ಉಳಿಯುತ್ತದೆ. ನಕಲಿನ ಭಯಕ್ಕೂ ಒಂದು ಮಾತು: ನೀವು ಆಧರಿಸಿರುವ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೇ, 2003ರಲ್ಲಿ ಲಿಂಕ್‌ಸಿಸ್ ರೌಟರ್ ಒಂದರ ಜಿಪಿಎಲ್ ಸೋರ್ಸನ್ನು ಜನ ಪಟ್ಟುಹಿಡಿದು ಕೇಳಿ ಹೊರತರಿಸಿದ್ದರಿಂದ.

ನಿಮ್ಮ ಲೈಬ್ರರಿ: ಅನುಮಾನದಿಂದ ಸಾಕ್ಷ್ಯಕ್ಕೆ

ಮೊದಲು ಆ ಕೋಡ್ ಯಾರದು ಎಂಬುದನ್ನು ಗಟ್ಟಿಮಾಡಿಕೊಳ್ಳಿ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಕಂಪನಿಯದು. ಕಾಲೇಜಿನಿಂದ ಬಂದ ಇಂಟರ್ನ್, ಗುತ್ತಿಗೆಗೆ ಬರೆದ ಫ್ರೀಲಾನ್ಸರ್, ಗಿಟ್‌ಹಬ್‌ನಲ್ಲಿ ಪ್ಯಾಚ್ ಕಳಿಸಿದ ಅಪರಿಚಿತ, ಇವರ ಸಾಲುಗಳು ಸಾಮಾನ್ಯವಾಗಿ ಅವರವೇ. ಪಾಲುದಾರರಲ್ಲಿ ಒಬ್ಬರು ಆಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದರೆ ಅವರ ಆಗಿನ ನೇಮಕಾತಿ ಕರಾರನ್ನೂ ಓದಿ. ಹಕ್ಕು ವರ್ಗಾಯಿಸಿಕೊಳ್ಳುವುದಾದರೆ 19ನೇ ಕಲಮಿನಂತೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಹಿಡಿಯುತ್ತದೆ. 'ಪೂರ್ಣ ಅವಧಿಗೆ, ಜಗತ್ತಿನಾದ್ಯಂತ' ಎಂದು ಸ್ಪಷ್ಟವಾಗಿ ಬರೆಸಿ. ಎಲ್ಲ ಸಾಲುಗಳೂ ನಿಮ್ಮವಲ್ಲದಿದ್ದರೂ ನಿಮ್ಮ ಸಾಲುಗಳ ಮಟ್ಟಿಗೆ ನೀವು ಪ್ರಶ್ನಿಸಬಹುದು.

ಆಮೇಲೆ ಸಾಧನ. ಒಂದನ್ನು ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ಸೀಲ್ ಒಡೆಯುವುದರಿಂದ ಹಿಡಿದು ಕೈಪಿಡಿಯ ಕೊನೆ ಪುಟದವರೆಗೆ ವಿಡಿಯೊ ಮಾಡಿ. ಕೈಪಿಡಿಯಲ್ಲಿ, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ, ಆ್ಯಪ್‌ನ 'ಅಬೌಟ್' ಪುಟದಲ್ಲಿ ಎಲ್ಲಾದರೂ ಸೋರ್ಸ್ ಕೊಡುವ ಮಾತಿದೆಯೇ ನೋಡಿ. ಅವರ ವೆಬ್‌ಸೈಟಿನಲ್ಲಿ ಸೋರ್ಸ್ ಕಾಣದಿರುವುದೇ ಉಲ್ಲಂಘನೆಯಲ್ಲ, ಕೊಂಡವರಿಗೆ ಕೊಟ್ಟರೂ ಸಾಕು. ಹಾಗಾಗಿ ಕೊಂಡವರ ಹೆಸರಿನಲ್ಲಿ ಒಮ್ಮೆ ಸೋರ್ಸ್ ಕೇಳಿ ಮೇಲ್ ಹಾಕಿ ಕಾಯಿರಿ.

ಬೈನರಿ ತೆಗೆಯಲು ಸುಲಭ ದಾರಿ ಅವರೇ ಬಿಟ್ಟ ಅಪ್‌ಡೇಟ್ ಫೈಲ್. ಇಲ್ಲದಿದ್ದರೆ ಇಎಸ್‌ಪಿಟೂಲ್‌ನಿಂದ 4 ಎಂಬಿ ಫ್ಲಾಶ್ ಓದಿಕೊಳ್ಳಬಹುದು. ಫ್ಲಾಶ್ ಎನ್‌ಕ್ರಿಪ್ಟ್ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬೀಗ ಮುರಿಯುವ ಕೆಲಸಕ್ಕೆ ಇಳಿದರೆ 2012ರಲ್ಲಿ ಸೇರಿದ 65ಎ ಕಲಮನ್ನು ನಿಮ್ಮ ಮೇಲೆಯೇ ಎತ್ತಿ ಹಿಡಿದಾರು.

ಈಗ ಹೋಲಿಕೆ. ಗಿಟ್‌ಹಬ್‌ನಲ್ಲಿ ನಿಮ್ಮ ಲೈಬ್ರರಿಯ ರೆಪೊ ನೋಡಿದೆ. ಬಕೆಟ್ ಒಮ್ಮೆ ಮಗುಚಿದರೆ 0.254 ಮಿ.ಮೀ. ಎಂಬ ಸಂಖ್ಯೆಯನ್ನು ನೀವು ದೊಡ್ಡ ಸಾಕ್ಷ್ಯ ಎಂದುಕೊಂಡಂತಿದೆ. ಅದು ಸಾಕ್ಷ್ಯವೇ ಅಲ್ಲ. ಇಂಚಿನ ನೂರನೇ ಒಂದು ಭಾಗ, ತೋಟದವರ ಲೆಕ್ಕದಲ್ಲಿ 1 ಸೆಂಟ್. ಮಳೆಮಾಪಕ ಮಾಡುವ ಯಾರ ಕೋಡಿನಲ್ಲೂ ಅದು ಸಿಗುತ್ತದೆ. ಆದರೆ ಅದೇ ಫೈಲಿನಲ್ಲಿ, ಮೊದಲ ಪಲ್ಸ್ ಬಂದಾಗ ಅಚ್ಚಾಗುವ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ 'ಮಳೆ ಬಂತು' ಎಂಬ ಲಾಗ್ ಸಾಲು ಇದೆ. ಬೈನರಿಯೊಳಗಿನ ಅಕ್ಷರಸಾಲುಗಳನ್ನು ತೋರಿಸುವ 'ಸ್ಟ್ರಿಂಗ್ಸ್' ಕಮಾಂಡ್ ಓಡಿಸಿದಾಗ ಹೊರ ಊರಿನ ಕಂಪನಿಯ ಬೈನರಿಯಲ್ಲಿ ಆ ಸಾಲು, ನೀವು ಹಾಕಿದ ಎರಡು ಸ್ಪೇಸ್ ಸಮೇತ, ಹೊರಬಂದರೆ ಅದಕ್ಕೆ ಬೇರೆ ವಿವರಣೆ ಕೊಡುವುದು ಅವರಿಗೆ ಕಷ್ಟ. ರೀಡ್ ಸ್ವಿಚ್ ಅದುರಿ ಒಂದು ಮಗುಚುವಿಕೆ ಎರಡಾಗಿ ಎಣಿಸುವುದನ್ನು ತಡೆಯಲು ನೀವು ಮಾಡಿರುವ ಕಾಲಮಿತಿಯ ಟೇಬಲ್ ಕೂಡ ಹಾಗೆಯೇ. ಹಳೆಯ ಆವೃತ್ತಿಯಲ್ಲಿದ್ದು ನೀವು ಆಮೇಲೆ ಸರಿಪಡಿಸಿದ ತಪ್ಪು ಅವರ ಸಾಧನದಲ್ಲಿ ಈಗಲೂ ಇದ್ದರೆ ಇನ್ನೂ ಒಳ್ಳೆಯದು, ಯಾವ ಕಮಿಟ್‌ನಿಂದ ಎತ್ತಿದರು ಎಂಬುದೂ ತಿಳಿಯುತ್ತದೆ.

ಪ್ರತಿ ಫೈಲಿನ ಶಾ-256 ಹ್ಯಾಷ್, ಅಂದರೆ ಫೈಲು ಸ್ವಲ್ಪ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆಯನ್ನು, ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಷ್ ತುಂಬಲು ಜಾಗವೇ ಇದೆ. ಅದರ ಒಂದು ಭಾಗಕ್ಕೆ ತಜ್ಞರ ಸಹಿ ಬೇಕು.

ಒಂದು ದೌರ್ಬಲ್ಯವನ್ನು ನೀವೇ ಮೊದಲು ಸರಿಪಡಿಸಿಕೊಳ್ಳಬೇಕು. ಇಎಸ್‌ಪಿ32ರ ವೈಫೈ ಭಾಗ ಬೈನರಿ ರೂಪದಲ್ಲೇ ಬರುತ್ತದೆ, ಅದರ ಸೋರ್ಸನ್ನು ಚಿಪ್ ತಯಾರಕರು ಹೊರಗೆ ಬಿಟ್ಟಿಲ್ಲ. ನಿಮ್ಮ ಜಿಪಿಎಲ್ 3 ಲೈಬ್ರರಿಯನ್ನು ಅದರ ಜೊತೆ ಲಿಂಕ್ ಮಾಡಿ ಮಾರುವವನು ಎಷ್ಟೇ ಪ್ರಾಮಾಣಿಕನಾದರೂ 'ಪೂರ್ಣ ಸೋರ್ಸ್' ಕೊಡಲಾರ. 'ಪಾಲಿಸಲಾಗದ ಷರತ್ತು ಹಾಕಿದ್ದೀರಿ' ಎಂಬ ಪ್ರತಿವಾದ ಬಂದೇ ಬರುತ್ತದೆ. ಜಿಪಿಎಲ್ 3ರ 7ನೇ ಕಲಮು ಹೆಚ್ಚುವರಿ ಅನುಮತಿ ಸೇರಿಸಲು ಬಿಡುತ್ತದೆ. ಚಿಪ್ ತಯಾರಕರ ಬೈನರಿ ಲೈಬ್ರರಿಗಳ ಜೊತೆ ಲಿಂಕ್ ಮಾಡಬಹುದು, ಅವುಗಳ ಸೋರ್ಸ್ ಕೊಡಬೇಕಿಲ್ಲ ಎಂಬ ಒಂದು ಪ್ಯಾರಾವನ್ನು, ಪ್ಯಾಚ್ ಕೊಟ್ಟವರ ಒಪ್ಪಿಗೆ ಪಡೆದು, ಪತ್ರ ಕಳಿಸುವ ಮುನ್ನವೇ ರೆಪೊಗೆ ಸೇರಿಸಿ.

ಪತ್ರ, ಹಣ, ಕೋರ್ಟು

ಮೊದಲ ಪತ್ರ ವಕೀಲರ ನೋಟಿಸ್ ಆಗಬೇಕಿಲ್ಲ. ಸಾಧನದ ಮಾಡೆಲ್, ಫರ್ಮ್‌ವೇರ್ ಆವೃತ್ತಿ, ನಿಮ್ಮ ಯಾವ ಫೈಲ್, ಏನು ಕಂಡಿತು, ಇಷ್ಟನ್ನು ಎರಡು ಪುಟದಲ್ಲಿ ಬರೆಯಿರಿ. ಬೇಡಿಕೆಯೂ ನಿರ್ದಿಷ್ಟವಾಗಿರಲಿ: ಸರಿಹೊಂದುವ ಸೋರ್ಸ್, ಲೈಸೆನ್ಸ್ ಪಠ್ಯ, ನಿಮ್ಮ ಕೃತಿಸ್ವಾಮ್ಯದ ಸಾಲು, ಈಗಾಗಲೇ ಕೊಂಡವರಿಗೆ ತಿಳಿವಳಿಕೆ. ಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ.

ಈ ದಾಖಲೆಗೆ ಎರಡು ಕಾರಣ. ಜಿಪಿಎಲ್ 3ರ 8ನೇ ಕಲಮಿನಂತೆ, ನಿಮ್ಮಿಂದ ಮೊದಲ ಬಾರಿಗೆ ನೋಟಿಸ್ ಪಡೆದವರು 30 ದಿನದೊಳಗೆ ಸರಿಪಡಿಸಿಕೊಂಡರೆ ಅವರ ಅನುಮತಿ ಶಾಶ್ವತವಾಗಿ ಮರಳುತ್ತದೆ. ಗಡುವಿನ ಲೆಕ್ಕ ಶುರುವಾಗುವುದು ಪತ್ರ ತಲುಪಿದ ದಿನದಿಂದ. ಇನ್ನೊಂದು, ನಮ್ಮ ಕಾಯ್ದೆಯ 55ನೇ ಕಲಮು. ಕೃತಿಗೆ ಹಕ್ಕುದಾರರಿದ್ದಾರೆಂದು ತನಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ಸಾಬೀತು ಮಾಡಿದರೆ ನಿಮಗೆ ತಡೆಯಾಜ್ಞೆ ಮತ್ತು ಪೂರ್ತಿ ಲಾಭ ಅಥವಾ ಅದರ ಒಂದು ಪಾಲು ಬಿಟ್ಟು ಬೇರೆ ಪರಿಹಾರ ಸಿಗುವುದಿಲ್ಲ. ಪತ್ರ ತಲುಪಿದ ಮೇಲೆ ಆ ನೆಪ ಉಳಿಯುವುದಿಲ್ಲ.

ಹತ್ತು ಲಕ್ಷದ ಸಲಹೆಯನ್ನು ಒಪ್ಪಬೇಡಿ. ಜರ್ಮನಿಯಲ್ಲಿ ಒಬ್ಬ ಕರ್ನಲ್ ಡೆವಲಪರ್ ಸಾಲುಸಾಲಾಗಿ ಕಂಪನಿಗಳಿಂದ ಹಣ ವಸೂಲಿಗೆ ಇಳಿದಾಗ, ಅವನ ಜೊತೆಯ ಡೆವಲಪರ್‌ಗಳೇ ಅವನನ್ನು ದೂರವಿಟ್ಟರು. ಪಾಲನೆ ಮೊದಲು, ಹಣ ಆಮೇಲೆ ಎಂಬ ತತ್ವಗಳನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ 2015ರಲ್ಲಿ ಬರೆದು ಪ್ರಕಟಿಸಿವೆ. ಮೇಲಾಗಿ ನಮ್ಮಲ್ಲಿ 60ನೇ ಕಲಮು ಇದೆ. ಆಧಾರವಿಲ್ಲದ ಬೆದರಿಕೆ ಹಾಕಿ ದಾವೆ ಹೂಡದೆ ಕೂತರೆ ಅವರೇ ನಿಮ್ಮ ಮೇಲೆ ದಾವೆ ಹೂಡಿ ನಷ್ಟ ಕೇಳಬಹುದು. ಪೊಲೀಸ್ ದೂರಿನ ದಾರಿಯೂ ಇದೆ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸಜೆಯಿದೆ, ಅದು ತಿಳಿದೂ ತಿಳಿದು ಉಲ್ಲಂಘಿಸಿದವರಿಗೆ. ಲೈಸೆನ್ಸ್ ತಕರಾರನ್ನು ಠಾಣೆಯಿಂದ ಶುರುಮಾಡಿದರೆ ಸೋರ್ಸ್ ಸಿಗುವ ದಾರಿ ಮುಚ್ಚಿಹೋಗುತ್ತದೆ.

30 ದಿನ ಕಳೆದೂ ಉತ್ತರವಿಲ್ಲ ಎಂದರೆ ವಕೀಲರ ನೋಟಿಸ್. ದಾವೆ ಹೂಡಲು ಆ ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಹಕ್ಕುದಾರರು ವಾಸವಿರುವ ಅಥವಾ ವ್ಯವಹಾರ ನಡೆಸುವ ಜಾಗದಲ್ಲೇ ದಾವೆ ಹೂಡಲು 62ನೇ ಕಲಮು ಅವಕಾಶ ಕೊಡುತ್ತದೆ. ನಿಮ್ಮ ಮಟ್ಟಿಗೆ ಚಿಕ್ಕಮಗಳೂರು. ವಾಣಿಜ್ಯ ವ್ಯಾಜ್ಯವಾಗಿ ಮೌಲ್ಯ 3 ಲಕ್ಷ ರೂಪಾಯಿ ಮುಟ್ಟಿದರೆ, ತುರ್ತು ತಡೆಯಾಜ್ಞೆ ಕೇಳದ ಪಕ್ಷದಲ್ಲಿ, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಇಂಥ ಪ್ರಕರಣಗಳು ಮಧ್ಯಸ್ಥಿಕೆಯಲ್ಲೇ ಚೆನ್ನಾಗಿ ಮುಗಿಯುತ್ತವೆ, ಅದನ್ನು ಅಡ್ಡಿ ಎಂದುಕೊಳ್ಳಬೇಡಿ. ಉಲ್ಲಂಘನೆ ನಡೆದ 3 ವರ್ಷದೊಳಗೆ ದಾವೆ ಹೂಡಬೇಕು ಎಂಬುದೂ ಲೆಕ್ಕದಲ್ಲಿರಲಿ.

ಕೋರ್ಟಿನಿಂದ ಏನು ಸಿಗುತ್ತದೆ ಎಂಬ ನಿರೀಕ್ಷೆಯೂ ಸರಿಯಾಗಿರಬೇಕು. ಕೃತಿಸ್ವಾಮ್ಯದ ದಾವೆಯಲ್ಲಿ ಸಿಗುವುದು ಮಾರಾಟಕ್ಕೆ ತಡೆ, ನಷ್ಟ ಪರಿಹಾರ, ಲಾಭದ ಲೆಕ್ಕ. 'ಸೋರ್ಸ್ ಬಿಡುಗಡೆ ಮಾಡು' ಎಂಬ ಆದೇಶವನ್ನು ನೆಚ್ಚಿ ಹೋಗಬೇಡಿ. ಅದಕ್ಕೆಂದೇ ಕನ್ಸರ್ವೆನ್ಸಿ ಸಂಸ್ಥೆ 2021ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಟಿವಿ ತಯಾರಕ ವಿಜಿಯೊ ಮೇಲೆ ಹೂಡಿದ ದಾವೆಯಲ್ಲಿ, ಲೈಸೆನ್ಸನ್ನು ಕರಾರು ಎಂದು ಹಿಡಿದು, ಟಿವಿ ಕೊಂಡ ಗ್ರಾಹಕರಿಗೇ ಸೋರ್ಸ್ ಕೇಳುವ ಹಕ್ಕಿದೆ ಎಂದು ವಾದಿಸಿದೆ. ನಮ್ಮಲ್ಲಿ ಸೋರ್ಸ್ ಹೊರಬರುವುದು ರಾಜಿಯ ಷರತ್ತಾಗಿ.

ರಾಜಿಯಲ್ಲಿ ಇನ್ನೊಂದು ದಾರಿಯೂ ಇದೆ. ಅವರು ತಮ್ಮ ಫರ್ಮ್‌ವೇರ್ ತೆರೆಯಲು ಒಪ್ಪದಿದ್ದರೆ, ನಿಮ್ಮ ಲೈಬ್ರರಿಯನ್ನು ಅವರಿಗೆ ಪ್ರತ್ಯೇಕ ವಾಣಿಜ್ಯ ಲೈಸೆನ್ಸಿನಲ್ಲಿ ವರ್ಷಕ್ಕಿಷ್ಟು ಎಂದು ಕೊಡಬಹುದು. ಆಗ ಹಣ ಕೇಳುವುದು ತಪ್ಪಲ್ಲ, ಅದು ನೇರ ವ್ಯಾಪಾರ. ಆದರೆ ಪ್ರತಿ ಸಾಲಿನ ಹಕ್ಕು ನಿಮ್ಮ ಕೈಯಲ್ಲಿದ್ದರೆ ಮಾತ್ರ ಅದು ಸಾಧ್ಯ. ಇಂಟರ್ನ್ ಬರೆದ ಭಾಗದ ವರ್ಗಾವಣೆ ಪತ್ರ ಮತ್ತು ಪ್ಯಾಚ್ ಕೊಟ್ಟವರ ಲಿಖಿತ ಒಪ್ಪಿಗೆ, ಈ ಎರಡು ಕಾಗದ ಸಿಕ್ಕ ಮೇಲೆಯೇ ಆ ಮಾತು ಎತ್ತಿ. ಸಿಗದಿದ್ದರೆ ಅವರ ಸಾಲುಗಳನ್ನು ತೆಗೆದು ನೀವೇ ಹೊಸದಾಗಿ ಬರೆದ ಆವೃತ್ತಿಗೆ ಮಾತ್ರ ಲೈಸೆನ್ಸ್ ಕೊಡಿ.